ಡಿಸೆಂಬರ್ ಕೊನೆಯಲ್ಲಿ ದುರ್ಗದ ಚಳಿ

ಕ್ರಿಸ್‌ಮಸ್ ರಜೆಗೆ ಬೆಂಗಳೂರಿನಿಂದ ವಯಸ್ಸಾದ ತಾಯಿ, ಚಿಕ್ಕ ಮಗುವಿನ ಜೊತೆ ಚಿತ್ರದುರ್ಗಕ್ಕೆ ಬರಬಹುದಾ, ಚಳಿ ಹೇಗೆ ಅಂತ ಕೇಳಿದ್ದೀರಿ. ಧಾರಾಳವಾಗಿ ಬನ್ನಿ. ಬೆಳಗಿನ ಜಾವ ಸುಮಾರು 16 ಡಿಗ್ರಿ, ಮಧ್ಯಾಹ್ನ 28ರ ಆಸುಪಾಸು ಇರುತ್ತದೆ. ಚಳಿಗಿಂತ ಗಾಳಿಯೇ ಜಾಸ್ತಿ. ಗುಡ್ಡಗಳ ಮೇಲೆ ಅಷ್ಟೊಂದು ವಿಂಡ್‌ಮಿಲ್ ಸುಮ್ನೆ ನಿಲ್ಲಿಸಿಲ್ಲ ಅಲ್ವಾ! ತಾಯಿಗೆ ಸ್ವೆಟರ್, ಮಗುವಿಗೆ ಕಿವಿ ಮುಚ್ಚುವ ಟೋಪಿ ಸಾಕು.

ನಿಜವಾದ ತೊಂದರೆ ಜನಜಂಗುಳಿ. ಡಿಸೆಂಬರ್ ಅಂದರೆ ಶಾಲಾ ಪ್ರವಾಸದ ಕಾಲ, ಕೋಟೆ ಮುಂದೆ ಬಸ್ಸುಗಳ ಸಾಲು. ಓಬವ್ವನ ಕಿಂಡಿ ಹತ್ತಿರವಂತೂ ಕಾಲಿಡಲು ಜಾಗ ಇರುವುದಿಲ್ಲ. ವಾರದ ದಿನ ನೋಡಿಕೊಂಡು, ಬಾಗಿಲು ತೆರೆದ ಕೂಡಲೇ ಹೋಗಿ. ಬಿಸಿಲು ಏರಿದರೆ ಬಂಡೆ ಕಾಯುತ್ತದೆ, ನೀರಿನ ಬಾಟಲಿ ಬೇಕೇ ಬೇಕು. ತಿಂಡಿ ಮಾತ್ರ ಕೈಯಲ್ಲಿ ಹಿಡಿಯಬೇಡಿ, ಕೋತಿಗಳು ಬಿಡುವುದಿಲ್ಲ. ತಾಯಿಗೆ ಮಂಡಿನೋವಿದ್ದರೆ ಮೇಲಿನ ಗುಡಿಗಳವರೆಗೆ ಹತ್ತಿಸಬೇಡಿ. ಸಂಜೆ ಚಂದ್ರವಳ್ಳಿ ಕೆರೆಗೆ ಕರೆದುಕೊಂಡು ಹೋಗಿ. ಕದಂಬರ ಮಯೂರಶರ್ಮನ ಶಾಸನ ಅಲ್ಲೇ ಇದೆ.

ಕಾರಿನಲ್ಲಿ ಸುಮಾರು 200 ಕಿ.ಮೀ. ನಸುಕಿನಲ್ಲಿ ಹೆದ್ದಾರಿ ಮೇಲೆ ಮಂಜು ಬೀಳುವುದುಂಟು. ಹಿಂದಿನ ದಿನವೇ ಬಂದು ಇಲ್ಲಿ ಉಳಿಯುವುದು ಒಳ್ಳೆಯದು. ರಜೆಯಲ್ಲಿ ಲಾಡ್ಜ್‌ಗಳು ಬೇಗ ತುಂಬುತ್ತವೆ, ರೂಮ್ ಈಗಲೇ ಹಿಡಿದಿಡಿ.