‘ಜೆ-ಮೆಲೊ’ ನೋಡಿದರೆ ಜಪಾನೀ ಹಾಡುಗಳೆಲ್ಲ ಒಂದೇ ಥರ ಕೇಳಿಸುತ್ತವೆ, ಹೇಗೆ ಕೇಳಬೇಕು?

ಸ್ವಲ್ಪ ಕರ್ನಾಟಕ ಸಂಗೀತ ಕಲಿತಿದ್ದೀರಿ, ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆಯ ವಿದೇಶಿ ವಾಹಿನಿ ಎನ್‌ಎಚ್‌ಕೆ ವರ್ಲ್ಡ್‌ನ ಸಂಗೀತ ಕಾರ್ಯಕ್ರಮ ಜೆ-ಮೆಲೊದ ಕಂತುಗಳನ್ನು ನೋಡಿದ್ದೀರಿ, ಆದರೂ ಹಾಡುಗಳ ನಡುವೆ ವ್ಯತ್ಯಾಸ ಗೊತ್ತಾಗುತ್ತಿಲ್ಲ ಎಂದು ಕೇಳಿದ್ದೀರಿ. ನಿಮ್ಮ ಕಿವಿಯದೇನೂ ತಪ್ಪಿಲ್ಲ. 2005ರ ಅಕ್ಟೋಬರಿನಲ್ಲಿ ಶುರುವಾದ ಈ ಕಾರ್ಯಕ್ರಮ ಪೂರ್ತಿ ಇಂಗ್ಲಿಷಿನಲ್ಲೇ ನಡೆಯುತ್ತಿತ್ತು. 2008ರಿಂದ ಗಾಯಕಿ ಮೇ ಜೆ. ನಿರೂಪಣೆ, ಜೊತೆಗೆ ಹೊರದೇಶದ ವೀಕ್ಷಕರು ಕೇಳಿದ ಹಾಡುಗಳು. ರಾಕ್, ಅನಿಮೆ (ಜಪಾನೀ ಕಾರ್ಟೂನ್) ಹಾಡು, ಕೊಟೊ ಎಂಬ ತಂತಿವಾದ್ಯದ ವಾದನ, ಎಲ್ಲವೂ ಒಂದೇ ಹೆಸರಿನಡಿ ಬರುತ್ತಿದ್ದವು. ಇವನ್ನೆಲ್ಲ ಒಂದೇ ಕಿವಿಯಲ್ಲಿ ಕೇಳಲು ಹೋದರೆ ಎಡವಟ್ಟಾಗುತ್ತದೆ. ಪಾಪ್‌ಗೆ ಒಂದು ಕಿವಿ, ಹಳೆಯ ಸಂಗೀತಕ್ಕೆ ಇನ್ನೊಂದು ಬೇಕು.

ಮೊದಲು ಪಾಪ್. ಜಪಾನಿನವರು ಹಾಡನ್ನು ಎ-ಮೆಲೊ (ಶುರುವಿನ ಚರಣ), ಬಿ-ಮೆಲೊ (ಸಬಿಗೆ ಒಯ್ಯುವ ಭಾಗ), ಸಬಿ ಎಂದು ಮೂರು ಭಾಗ ಮಾಡುತ್ತಾರೆ. ಸಬಿ ಎಂದರೆ ನಮ್ಮ ಪಲ್ಲವಿ ಇದ್ದ ಹಾಗೆ, ಹಾಡಿನ ಜೀವ ಅಲ್ಲಿರುತ್ತದೆ. ಆದರೆ ನಮ್ಮ ಸಿನಿಮಾ ಹಾಡಿನಲ್ಲಿ ಪಲ್ಲವಿ ಮೊದಲೇ ಬಂದುಬಿಡುತ್ತದೆ, ಅಲ್ಲಿ ಸಾಮಾನ್ಯವಾಗಿ ಮುಕ್ಕಾಲು ನಿಮಿಷದಿಂದ ಒಂದು ನಿಮಿಷ ಕಾಯಬೇಕು. ಅರ್ಧ ನಿಮಿಷಕ್ಕೇ ಮುಂದಿನ ಹಾಡಿಗೆ ಹಾರುವವರು ಪಲ್ಲವಿ ಕೇಳದೆಯೇ ತೀರ್ಪು ಕೊಟ್ಟಿರುತ್ತಾರೆ. ಅನಿಮೆ ಹಾಡಿಗೆ ಟಿವಿಯಲ್ಲಿ ಸಿಗುವುದೇ ಸುಮಾರು ಒಂದೂವರೆ ನಿಮಿಷ, ಅಷ್ಟರಲ್ಲೇ ಮೂರೂ ಭಾಗ ಮುಗಿಯಬೇಕಾದ್ದರಿಂದ ರಚನೆ ಕಲಿಯಲು ಅವೇ ಸುಲಭ.

‘ಒಂದೇ ಥರ’ ಎನ್ನಿಸುವುದಕ್ಕೆ ನಿಜವಾದ ಕಾರಣವೂ ಒಂದಿದೆ. ಲೆಕ್ಕವಿಲ್ಲದಷ್ಟು ಸಬಿಗಳು ಒಂದೇ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗುಚ್ಛ) ದಾರಿಯಲ್ಲಿ ನಡೆಯುತ್ತವೆ: ಸಿ ಶ್ರುತಿಯಲ್ಲಾದರೆ ಎಫ್, ಜಿ, ಇ ಮೈನರ್, ಎ ಮೈನರ್. ಅವರೇ ಇದಕ್ಕೆ ‘ಓಡೋ ಶಿಂಕೋ’, ಅಂದರೆ ರಾಜಮಾರ್ಗದ ನಡೆ ಎಂದು ಹೆಸರಿಟ್ಟಿದ್ದಾರೆ. ಕೀಬೋರ್ಡಿನಲ್ಲಿ ಈ ನಾಲ್ಕನ್ನು ಹತ್ತು ಸಲ ನುಡಿಸಿಕೊಳ್ಳಿ, ಆಮೇಲೆ ಯಾವ ಹಾಡಿನಲ್ಲಿ ಬಂದರೂ ಕಿವಿ ಹಿಡಿಯುತ್ತದೆ. ಕೊನೆಯ ಸಬಿಯಲ್ಲಿ ಶ್ರುತಿ ಅರ್ಧ ಅಥವಾ ಒಂದು ಸ್ವರ ಮೇಲೆ ಹೋದರೆ ಗಾಬರಿ ಬೇಡ, ಅದು ಬೇಕೆಂದೇ ಮಾಡುವುದು. ನನ್ನ ಮಟ್ಟಿಗೆ ಅದು ಸವಕಲು ತಂತ್ರ, ಆದರೂ ಕೆಲಸ ಮಾಡುತ್ತದೆ.

ಹಳೆಯ ಸಂಗೀತಕ್ಕೆ ಬಂದರೆ ನಿಮ್ಮ ಕಲಿಕೆ ಉಪಯೋಗಕ್ಕೆ ಬರುತ್ತದೆ. 1950ರ ದಶಕದ ಕೊನೆಯಲ್ಲಿ ಭಾರತಕ್ಕೆ ಬಂದು ಸಂಗೀತ ಕಲಿತಿದ್ದ ವಿದ್ವಾಂಸ ಕೊಯಿಜುಮಿ ಫುಮಿಯೊ ಜಪಾನಿನ ಐದು ಸ್ವರದ ಶ್ರೇಣಿಗಳನ್ನು ನಾಲ್ಕಾಗಿ ವಿಂಗಡಿಸಿದರು. ಸ್ವರಗಳ ಮಟ್ಟಿಗೆ ಅವು ನಮಗೆ ಹೊಸವಲ್ಲ. ‘ಮಿನ್‌ಯೊ’ ಶುದ್ಧ ಧನ್ಯಾಸಿ ರಾಗದ ಸ್ವರಗಳು, ‘ರಿತ್ಸು’ ಶುದ್ಧ ಸಾವೇರಿಯವು, ಜಪಾನಿನ ದಕ್ಷಿಣದ ದ್ವೀಪ ಓಕಿನಾವಾದ ‘ರ್‍ಯೂಕ್ಯೂ’ ಗಂಭೀರನಾಟದವು. ನಾಲ್ಕನೆಯದು ‘ಮಿಯಾಕೊಬುಶಿ’: ಸ, ಶುದ್ಧ ರಿ, ಶುದ್ಧ ಮ, ಪ, ಶುದ್ಧ ದ. ಹಿಂದೂಸ್ತಾನಿಯವರಿಗೆ ಗುಣಕ್ರಿ. ಜಪಾನ್ ಎಂದ ಕೂಡಲೇ ಮನಸ್ಸಿಗೆ ಬರುವ ಬಣ್ಣ ಇದೇ.

ಇದನ್ನು ಕೈಯಾರೆ ಮಾಡಿ ನೋಡಿ. ತಂಬೂರಿ ಆ್ಯಪನ್ನು ಇ ಶ್ರುತಿಗೆ, ಅಂದರೆ ಬಿಳಿ ಮೂರಕ್ಕೆ ಇಡಿ. ಕೀಬೋರ್ಡಿನ ಬಿಳಿ ಮನೆಗಳಲ್ಲಿ ಇ, ಎಫ್, ಎ, ಬಿ, ಸಿ ಐದನ್ನೇ ಬಳಸಿ. ಕೊಟೊ ಕಲಿಯುವವರ ಮೊದಲ ಪಾಠಗಳಲ್ಲಿ ಬರುವ ‘ಸಕುರ ಸಕುರ’ ಹಾಡು ಹೀಗೆ ಶುರುವಾಗುತ್ತದೆ: ಮ ಮ ಪ, ಮ ಮ ಪ, ಮ ಪ ದ ಪ, ಮ ಪಮ ರಿ. ಆಮೇಲೆ ಷಡ್ಜಕ್ಕಿಳಿದು ಮಂದ್ರದ ದ, ಪ ಮುಟ್ಟುತ್ತದೆ. ಹೆಚ್ಚಿನವರು ತಪ್ಪುವುದು ಶ್ರುತಿಯಲ್ಲಿ. ತಂಬೂರಿಯನ್ನು ಸಿಗೆ ಇಟ್ಟರೆ ಅದೇ ಸ್ವರಗಳು ನೆಲೆಯಿಲ್ಲದೆ ತೇಲುತ್ತವೆ. ಎಗೆ, ಬಿಳಿ ಆರಕ್ಕೆ ಇಟ್ಟರೆ ಗ್ರಹಭೇದವಾಗಿ, ಅಂದರೆ ಷಡ್ಜದ ಜಾಗ ಬದಲಾಗಿ, ಸ, ಚತುಶ್ರುತಿ ರಿ, ಸಾಧಾರಣ ಗ, ಪ, ಶುದ್ಧ ದ ಆಗುತ್ತದೆ. ಎನ್‌ಕಾ ಎಂಬ ವಿರಹದ ಹಾಡುಗಳ ಮೈನರ್ ಶ್ರೇಣಿ ಅದೇ.

ಆದರೆ ಸ್ವರ ಒಂದಾದರೆ ರಾಗ ಒಂದಾಗುವುದಿಲ್ಲ. ಕೊಟೊದಲ್ಲಿ ಸ್ವರವನ್ನು ತೂಗಾಡಿಸುವ ಗಮಕ ಹುಡುಕಲು ಹೋಗಿ ನಿರಾಶರಾಗಬೇಡಿ. ಅಲ್ಲಿ ನಾದದ ಬಣ್ಣ, ನಾದ ಆರುವ ಬಗೆ, ನಡುವಿನ ಮೌನ ಮುಖ್ಯ. ಪರದೆಯ ಮೇಲೆ ಕೈ ನೋಡಿ: ಕೊಟೊಗೆ 13 ತಂತಿ, ಪ್ರತಿಯೊಂದರ ಕೆಳಗೂ ತಂತಿಯನ್ನು ಎತ್ತಿ ಹಿಡಿಯುವ, ಜರುಗಿಸಬಹುದಾದ ಒಂದೊಂದು ಕುದುರೆ (ಬ್ರಿಡ್ಜ್). ಬಲಗೈಯ ಮೂರು ಬೆರಳಿಗೆ ನಖ (ಕೃತಕ ಉಗುರು) ತೊಟ್ಟು ಮೀಟುತ್ತಾರೆ, ಎಡಗೈ ಕುದುರೆಯ ಆಚೆ ತಂತಿ ಒತ್ತಿ ಅರ್ಧ ಅಥವಾ ಪೂರ್ಣ ಸ್ವರ ಏರಿಸುತ್ತದೆ. ಗಮಕದ ರುಚಿ ಬೇಕಿದ್ದರೆ ಶಕುಹಚಿ ಎಂಬ ಕೊಳಲು ಕೇಳಿ. 54.5 ಸೆಂ.ಮೀ. ಬಿದಿರು, ಮುಂದೆ ನಾಲ್ಕು ತೂತು, ಹಿಂದೆ ಒಂದು. ಗಲ್ಲ ತಗ್ಗಿಸಿದರೆ ಸ್ವರ ಇಳಿಯುತ್ತದೆ, ಎತ್ತಿದರೆ ಏರುತ್ತದೆ. ಉಸಿರಿನ ಸದ್ದು ಕೇಳಿಸಿದರೆ ವಾದಕ ಕಚ್ಚಾ ಎಂದುಕೊಳ್ಳಬೇಡಿ, ಅದೂ ನುಡಿಸಾಣಿಕೆಯ ಭಾಗ. ಮೂರು ತಂತಿಯ ಮೀಟುವಾದ್ಯ ಶಮಿಸೆನ್ನಿನ ದಪ್ಪ ತಂತಿಯ ‘ಝೊಂಯ್’ ಎಂಬ ಸದ್ದನ್ನೂ ಮೈಕಿನ ದೋಷ ಎಂದು ತಿಳಿಯುವವರಿದ್ದಾರೆ. ಅದು ‘ಸವಾರಿ’: ತಂತಿ ದಂಡವನ್ನು ಒಂದಿಷ್ಟೇ ಸವರುವಂತೆ ಮಾಡಿರುತ್ತಾರೆ. ತಂಬೂರಿಯ ಕುದುರೆಯ ಮೇಲೆ ನಾವು ದಾರ ಸಿಕ್ಕಿಸುವುದೂ ಇಂಥದೇ ಝೇಂಕಾರಕ್ಕೆ. (ನಮ್ಮ ಬುಲ್‌ಬುಲ್ ತರಂಗ್ ಕೂಡ 1912ರಲ್ಲಿ ನಗೋಯಾದಲ್ಲಿ ಹುಟ್ಟಿದ ತೈಶೋಗೊತೊ ವಾದ್ಯದಿಂದ ಬಂದದ್ದು.)

ಸಾಹಿತ್ಯ ಕಲಿಯುವುದಾದರೆ ರೋಮನ್ ಲಿಪಿ ಬಿಟ್ಟು ಕನ್ನಡದಲ್ಲಿ ಬರೆದುಕೊಳ್ಳಿ. ರೋಮನ್ನಿನಲ್ಲಿ ದೀರ್ಘವನ್ನು ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ, ಕೆಲವರು ಬಿಟ್ಟೇಬಿಡುತ್ತಾರೆ. ‘ಒಬಸನ್’ ಅತ್ತೆ ಅಥವಾ ಚಿಕ್ಕಮ್ಮ, ‘ಒಬಾಸನ್’ ಅಜ್ಜಿ. ಕನ್ನಡದಲ್ಲಿ ಒಂದು ದೀರ್ಘದಲ್ಲಿ ಕೆಲಸ ಮುಗಿಯಿತು. ಒಂದು ಎಚ್ಚರಿಕೆ: ಅರ್ಧಾಕ್ಷರದ ‘ನ್’ಗೂ ಅಲ್ಲಿ ಒಂದು ಪೂರ್ತಿ ಮಾತ್ರೆ. ‘ಶಿನ್‌ಬುನ್’ ಎಂದರೆ ಶಿ-ನ್-ಬು-ನ್, ನಾಲ್ಕು ಎಣಿಕೆ. ನಾವು ಎರಡರಲ್ಲಿ ಮುಗಿಸಲು ಹೋದಾಗ ತಾಳ ತಪ್ಪುತ್ತದೆ.

ನೋಡುವ ವಿಷಯ: ಎನ್‌ಎಚ್‌ಕೆ ವರ್ಲ್ಡ್-ಜಪಾನ್ ಜಾಲತಾಣ ಮತ್ತು ಆ್ಯಪ್ ಉಚಿತ. ಸಾಂಪ್ರದಾಯಿಕ ವಾದ್ಯಗಳಲ್ಲಿ ಪಾಶ್ಚಾತ್ಯ ಹಾಡು ನುಡಿಸುವ ‘ಬ್ಲೆಂಡ್ಸ್’ನ ಪುಟ್ಟ ಕಂತುಗಳು ಸಿಕ್ಕರೆ ಮೊದಲು ಅವನ್ನೇ ನೋಡಿ. ಗೊತ್ತಿರುವ ಮಟ್ಟು ಆದ್ದರಿಂದ ಗಮನವೆಲ್ಲ ವಾದ್ಯದ ಮೇಲೇ ನಿಲ್ಲುತ್ತದೆ. ಜಪಾನ್ ಗಡಿಯಾರ ನಮಗಿಂತ ಮೂರೂವರೆ ಗಂಟೆ ಮುಂದೆ, ಅಲ್ಲಿ ರಾತ್ರಿ 9 ಎಂದರೆ ನಮಗೆ ಸಂಜೆ 5.30. ಕಂತಿನ ಪುಟದಲ್ಲಿ ಎಂದಿನವರೆಗೆ ಲಭ್ಯ ಎಂಬ ದಿನಾಂಕ ಇರುತ್ತದೆ. ಅದನ್ನು ನೋಡಿಕೊಳ್ಳದೆ ‘ಭಾನುವಾರ ನೋಡೋಣ’ ಎಂದು ಬಿಟ್ಟರೆ ಭಾನುವಾರದ ಹೊತ್ತಿಗೆ ಕಂತು ಇರುವುದಿಲ್ಲ.