ಸಾವೊ ಪೌಲೊಗೆ ಬಂದಿದ್ದೀರಾ? ಮೊದಲು ಬ್ರಿಗಡೇರೊ ಮಾಡಲು ಕಲಿಯಿರಿ

ಊರಿಗೆ ಈಗಷ್ಟೇ ಬಂದಿದ್ದೀರಿ, ಪೋರ್ಚುಗೀಸ್ ಬರುವುದಿಲ್ಲ, ಮಗಳ ಕ್ಲಾಸಿನ ಹುಡುಗಿಯ ಬರ್ತ್‌ಡೇಗೆ ಕರೆದಿದ್ದಾರೆ, ಸಸ್ಯಾಹಾರಿಗಳಾದ ನಾವು ಅಲ್ಲಿ ಏನು ತಿನ್ನಬಹುದು, ಇಲ್ಲಿಯ ಜನರ ಜೊತೆ ಬೆರೆಯುವುದು ಹೇಗೆ ಅಂತ ಕೇಳಿದ್ದೀರಿ. ಎರಡಕ್ಕೂ ಸೇರಿಸಿಯೇ ಉತ್ತರ ಹೇಳುತ್ತೇನೆ.

ಬ್ರೆಜಿಲ್‌ನಲ್ಲಿ ಮಕ್ಕಳ ಬರ್ತ್‌ಡೇ ಅಂದರೆ ಬ್ರಿಗಡೇರೊ ಇರಲೇಬೇಕು. ಕಂಡೆನ್ಸ್ಡ್ ಮಿಲ್ಕ್ ಮತ್ತು ಕೋಕೋ ಕಾಯಿಸಿ, ಪುಟ್ಟ ಉಂಡೆ ಕಟ್ಟಿ, ಚಾಕೊಲೇಟ್ ಕಾಳಿನಲ್ಲಿ ಹೊರಳಿಸಿದ ಸಿಹಿ. ಕೇಕಿನ ಸುತ್ತ ಸಣ್ಣ ಕಾಗದದ ಕಪ್ಪಿನಲ್ಲಿ ಸಾಲಾಗಿ ಇಟ್ಟಿರುತ್ತಾರೆ. ಹಾಡು ಹೇಳಿ ದೀಪ ಆರಿಸುವ ತನಕ ಯಾರೂ ಮುಟ್ಟುವ ಹಾಗಿಲ್ಲ. ಮಗಳಿಗೆ ಇದನ್ನು ಮೊದಲೇ ಹೇಳಿಟ್ಟಿರಿ. ಹಾಡು ಮುಗಿದ ಮೇಲೆ ಎಷ್ಟು ಬೇಕಾದರೂ ತಿನ್ನಲಿ, ಯಾರೂ ಏನೂ ಅನ್ನುವುದಿಲ್ಲ.

ಬ್ರಿಗಡೇರೊಗೆ ಸಾಮಾನ್ಯವಾಗಿ ಮೊಟ್ಟೆ ಹಾಕುವುದಿಲ್ಲ. ತೆಂಗಿನ ತುರಿಯ ಉಂಡೆಯ ಮೇಲೆ ಲವಂಗ ಚುಚ್ಚಿದ್ದರೆ ಅದು ಬೇಜಿನ್ಯೊ. ಗೇರುಹಣ್ಣಿನ ಆಕಾರದಲ್ಲಿದ್ದರೆ ಕಾಜುಜಿನ್ಯೊ, ಒಳಗೆ ಇರುವುದು ಕಡಲೇಕಾಯಿ. ಗುಲಾಬಿ ಬಣ್ಣದ್ದು ಕಂಡರೆ ಮಾತ್ರ ಕೇಳಿ ತಿನ್ನಿ, ಅದಕ್ಕೆ ಸ್ಟ್ರಾಬೆರಿ ಜೆಲಟಿನ್ ಪುಡಿ ಹಾಕುವವರು ತುಂಬಾ ಜನ, ಜೆಲಟಿನ್ ಅಂದರೆ ಪ್ರಾಣಿಗಳ ಮೂಳೆ, ಚರ್ಮದಿಂದ ಮಾಡಿದ್ದು. ಖಾರದ ತಿಂಡಿಯಲ್ಲಿ ಕೊಶಿನ್ಯಾ ಅಂದರೆ ಕೋಳಿ, ಕಿಬೆ ಅಂದರೆ ದನದ ಮಾಂಸ. ಚೀಸ್ ಉಂಡೆಯನ್ನು ಕೇಳಿಕೊಂಡು ತಿನ್ನಬಹುದು. ಪಾಂವ್ ಜಿ ಕೇಜೊ ಅನ್ನುವ ಚೀಸ್ ಬ್ರೆಡ್ಡಿನಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುತ್ತದೆ. ಇನ್ನೊಂದು ವಿಷಯ. ಇಲ್ಲಿ 'ಮಾಂಸ ತಿನ್ನುವುದಿಲ್ಲ' ಅಂದರೆ ಎಷ್ಟೋ ಜನ ದನದ ಮಾಂಸ ಬೇಡ ಅಂತ ತಿಳಿದು ಕೋಳಿ ತಂದಿಡುತ್ತಾರೆ. ಕೋಳಿ ಬೇಡ, ಮೀನು ಬೇಡ, ಹ್ಯಾಮ್ ಬೇಡ ಅಂತ ಒಂದೊಂದೇ ಹೆಸರು ಹಿಡಿದು ಹೇಳಿ.

ಈಗ ಮಾಡುವ ಬಗೆ. 395 ಗ್ರಾಂ ಕಂಡೆನ್ಸ್ಡ್ ಮಿಲ್ಕ್, ಒಂದು ದೊಡ್ಡ ಚಮಚ ಬೆಣ್ಣೆ, 50% ಕೋಕೋ ಇರುವ ಚಾಕೊಲೇಟ್ ಪುಡಿ ಮೂರ್ನಾಲ್ಕು ದೊಡ್ಡ ಚಮಚ, ಹೊರಳಿಸಲು ಚಾಕೊಲೇಟ್ ಕಾಳು. ಇಷ್ಟೇ. ಅಂಗಡಿಯಲ್ಲಿ ಡಬ್ಬದ ಮೇಲೆ 'ಲೇಚಿ ಕಂಡೆನ್ಸಾಡೊ' ಅಂತಲೇ ಬರೆದಿದೆಯಾ ನೋಡಿ. ಪಕ್ಕದಲ್ಲೇ ಅದೇ ಥರದ ಪೆಟ್ಟಿಗೆಯಲ್ಲಿ ಕಡಿಮೆ ಬೆಲೆಗೆ 'ಮಿಸ್ತೂರಾ' ಅಂತ ಶುರುವಾಗುವ ಹೆಸರಿನದು ಇರುತ್ತದೆ. ಅದರಲ್ಲಿ ಹಾಲಿನ ಜೊತೆ ವೇ (ಹಾಲು ಒಡೆದಾಗ ಉಳಿಯುವ ನೀರು), ಪಿಷ್ಟ ಎಲ್ಲ ಬೆರೆಸಿರುತ್ತಾರೆ, ರುಚಿಯೂ ಬರುವುದಿಲ್ಲ, ಹದವೂ ಸರಿ ಬರುವುದಿಲ್ಲ. ಮಕ್ಕಳು ಹಾಲಿಗೆ ಹಾಕಿಕೊಂಡು ಕುಡಿಯುವ ಪುಡಿಯಲ್ಲೂ ಇಲ್ಲಿ ತುಂಬಾ ಮನೆಗಳಲ್ಲಿ ಮಾಡುತ್ತಾರೆ. ನನಗೆ ಅದು ವಿಪರೀತ ಸಿಹಿ. ಪುತ್ತೂರಿನ ಕಡೆಯವಳು ನಾನು, ಅಡಿಕೆ ತೋಟದ ನಡುವೆ ಕೋಕೋ ನೋಡಿಕೊಂಡೇ ಬೆಳೆದವಳು. ಕೋಕೋ ರುಚಿ ನಾಲಿಗೆಗೆ ಗೊತ್ತಾಗಲೇಬೇಕು ಅನ್ನುವುದು ನನ್ನ ಹಟ. ಬಹಿಯಾ ರಾಜ್ಯದ ಕೋಕೋ ಪುಡಿ ಸಿಕ್ಕರೆ ಬಿಡಬೇಡಿ. ಅಲ್ಲಿ ಕಾಡಿನ ದೊಡ್ಡ ಮರಗಳ ನೆರಳಿನಲ್ಲಿ ಕೋಕೋ ಬೆಳೆಯುತ್ತಾರೆ, ಆ ಪದ್ಧತಿಗೆ ಕಬ್ರೂಕಾ ಅನ್ನುತ್ತಾರೆ. 1989ರಲ್ಲಿ ಕಾಣಿಸಿಕೊಂಡ ವಿಚಸ್ ಬ್ರೂಮ್ ಅನ್ನುವ ಶಿಲೀಂಧ್ರ ರೋಗದಿಂದ ಅಲ್ಲಿಯ ತೋಟದವರು ನೆಲ ಕಚ್ಚಿಹೋಗಿದ್ದರು. ಈಗ ಒಳ್ಳೆಯ ಚಾಕೊಲೇಟ್ ಮಾಡುವ ಸಣ್ಣ ಸಣ್ಣವರು ಮತ್ತೆ ಎದ್ದಿದ್ದಾರೆ. ಆ ಪುಡಿಯಲ್ಲಿ ಸಕ್ಕರೆ ಇಲ್ಲದಿದ್ದರೆ ಎರಡು ಚಮಚ ಸಾಕು.

ದಪ್ಪ ತಳದ ಪಾತ್ರೆಯಲ್ಲಿ ಎಲ್ಲವನ್ನೂ ಗಂಟಿಲ್ಲದ ಹಾಗೆ ಕಲಸಿ, ಆಮೇಲೆ ಒಲೆ ಹಚ್ಚಿ. ಉರಿ ಸಣ್ಣದಿರಲಿ. ಕೈ ಬಿಡದೆ ಮಗುಚುತ್ತಿರಿ. ಹಾಲುಬಾಯಿ ಮಗುಚಿದ ಕೈಗೆ ಇದೇನೂ ಹೊಸದಲ್ಲ, ಅದರ ಹಾಗೆಯೇ ತಳ ಬಿಡಬೇಕು. ಸುಮಾರು ಹತ್ತು ಹನ್ನೆರಡು ನಿಮಿಷಕ್ಕೆ, ಸೌಟಿನಿಂದ ನಡುವೆ ಗೆರೆ ಎಳೆದರೆ ತಳ ಕಾಣುತ್ತದೆ, ಪಾತ್ರೆ ಓರೆ ಮಾಡಿದರೆ ಇಡೀ ಮುದ್ದೆ ಒಟ್ಟಿಗೆ ಜಾರುತ್ತದೆ. ಅಲ್ಲಿಗೆ ನಿಲ್ಲಿಸಿ. ಇನ್ನೂ ಎರಡು ನಿಮಿಷ ಇಟ್ಟರೆ ಆರಿದ ಮೇಲೆ ಹಲ್ಲಿಗೆ ಅಂಟುತ್ತದೆ. ಬೇಗ ಇಳಿಸಿಬಿಟ್ಟರೆ ಉಂಡೆ ನಿಲ್ಲುವುದಿಲ್ಲ, ಆದರೂ ಹಾಳಾಗುವುದಿಲ್ಲ, ಬಟ್ಟಲಿಗೆ ಹಾಕಿ ಚಮಚದಲ್ಲಿ ತಿನ್ನಿ, ಇಲ್ಲಿಯವರು ಬೇಕಂತಲೇ ಹಾಗೂ ಮಾಡುತ್ತಾರೆ. ಡಿಸೆಂಬರ್‌ನಿಂದ ಫೆಬ್ರವರಿ ತನಕ ಇಲ್ಲಿ ಬೇಸಿಗೆ, ಸೆಕೆ ಜಾಸ್ತಿ, ಆಗ ಹದ ಒಂದು ಚೂರು ಗಟ್ಟಿಯಿರಲಿ. ಬೆಣ್ಣೆ ಸವರಿದ ತಟ್ಟೆಗೆ ಸುರಿದು, ಪೂರ್ತಿ ಆರಿದ ಮೇಲೆ ಕೈಗೂ ಬೆಣ್ಣೆ ಹಚ್ಚಿಕೊಂಡು 15 ಗ್ರಾಂನಷ್ಟು ಉಂಡೆ ಕಟ್ಟಿ ಚಾಕೊಲೇಟ್ ಕಾಳಿನಲ್ಲಿ ಹೊರಳಿಸಿದರೆ ಒಂದು ಡಬ್ಬಕ್ಕೆ ಹತ್ತಿರ ಹತ್ತಿರ 25 ಆಗುತ್ತವೆ.

ಇದಕ್ಕೆ ಒಂದು ಕಥೆಯೂ ಇದೆ. 1945ರ ಅಧ್ಯಕ್ಷ ಚುನಾವಣೆಯಲ್ಲಿ ವಾಯುಪಡೆಯ ಬ್ರಿಗೇಡಿಯರ್ ಎಡ್ವಾರ್ಡೊ ಗೋಮಿಸ್ ನಿಂತಿದ್ದರು. ಅವರ ಪರ ಇದ್ದ ಹೆಂಗಸರು ಈ ಸಿಹಿ ಮಾಡಿ ಹಂಚಿ, ಮಾರಿ ಪ್ರಚಾರ ಮಾಡಿದರು, ಹೆಸರು ಹಾಗೆ ಬಂತು ಅನ್ನುತ್ತಾರೆ ಜನ. ಇಲ್ಲಿ ಹೆಂಗಸರಿಗೆ ಮತದ ಹಕ್ಕು ಬಂದದ್ದು 1932ರಲ್ಲಿ, ಹಾಗಾಗಿ ಅವರು ಅಧ್ಯಕ್ಷರನ್ನು ನೇರವಾಗಿ ಆರಿಸಲು ಮತ ಹಾಕಿದ ಮೊದಲ ಸಲ ಅದು. ಗೋಮಿಸ್ ಸೋತರು, ಸಿಹಿ ಮಾತ್ರ ಉಳಿಯಿತು. ತುಂಬಾ ದಕ್ಷಿಣಕ್ಕೆ, ರಿಯೊ ಗ್ರಾಂಡಿ ದೊ ಸುಲ್ ಕಡೆ, ಇದನ್ನೇ ನೆಗ್ರಿನ್ಯೊ ಅನ್ನುತ್ತಾರೆ.

ಜನರ ಜೊತೆ ಬೆರೆಯುವುದಕ್ಕೆ ಬರುತ್ತೇನೆ. ಬರ್ತ್‌ಡೇ ಹುಡುಗಿಯ ತಾಯಿಗೆ ಒಂದು ಮೆಸೇಜ್ ಕಳಿಸಿ, ಉಂಡೆ ಕಟ್ಟಲು ಬರಲಾ ಅಂತ ಕೇಳಿ. ಮನೆಯಲ್ಲೇ ಮಾಡುವವರಾದರೆ ಹಿಂದಿನ ಸಂಜೆ ಅಜ್ಜಿ, ಚಿಕ್ಕಮ್ಮ, ಪಕ್ಕದ ಮನೆಯವರು ಎಲ್ಲ ಮೇಜಿನ ಸುತ್ತ ಕೂತಿರುತ್ತಾರೆ. ಕೈ ಕೆಲಸ ಮಾಡುತ್ತಿರುವಾಗ ವ್ಯಾಕರಣ ಯಾರು ಕೇಳುತ್ತಾರೆ, ಅಲ್ವಾ? ನನಗೆ ಪೋರ್ಚುಗೀಸ್ ಬಾಯಿಗೆ ಬಂದದ್ದು ಅಂಥ ಮೇಜುಗಳಲ್ಲೇ. ಹೊರಗೆ ಆರ್ಡರ್ ಕೊಟ್ಟಿದ್ದಾರೆ ಅಂದರೆ ಬೇಸರ ಬೇಡ. ನೀವೇ ಒಂದು ಡಬ್ಬದಷ್ಟು ಮಾಡಿ ಎದುರು ಮನೆಯ ಬಾಗಿಲು ತಟ್ಟಿ, ಕೆಳಗೆ ಗೇಟಿನಲ್ಲಿ ಇರುವವರಿಗೂ ನಾಲ್ಕು ಕೊಡಿ. ಭಾರತದಿಂದ ಬಂದವರು ಬ್ರಿಗಡೇರೊ ಮಾಡಿದ್ದಾರೆ ಅಂತ ಗೊತ್ತಾದರೆ ಹದ ಸರಿಯಿದೆಯಾ ಇಲ್ಲವಾ ಅಂತ ಹೇಳುವುದಕ್ಕಾದರೂ ನಿಂತು ಮಾತಾಡುತ್ತಾರೆ, ತಮ್ಮ ಅಮ್ಮ ಹೇಗೆ ಮಾಡುತ್ತಿದ್ದರು ಅಂತ ಶುರು ಮಾಡುತ್ತಾರೆ.

ಹಿಂದಿನ ದಿನವೇ ಮಾಡಿಟ್ಟರೂ ನಡೆಯುತ್ತದೆ. ಮುಚ್ಚಳದ ಡಬ್ಬದಲ್ಲಿ ಹೊರಗೇ ಇಡಿ, ಫ್ರಿಜ್ಜಿನಲ್ಲಿ ಇಟ್ಟರೆ ಮೇಲಿನ ಚಾಕೊಲೇಟ್ ಕಾಳು ನೀರೊಡೆಯುತ್ತದೆ.