ರಾಜಕಾಲುವೆ ಹೂಳೆತ್ತೋದು ಯಾರ ಕೆಲಸ? ನಾವೇ ಚಂದಾ ಎತ್ತಿ ಮಾಡಿಸಿದರೆ ಆಗಲ್ವಾ?

ನಿಮ್ಮ ಪ್ರಶ್ನೆ ಇಷ್ಟು: ಬೆಂಗಳೂರಿನ ತಗ್ಗಲ್ಲಿರೋ ಬಡಾವಣೆ, ಜೋರು ಮಳೆ ಬಂದಾಗೆಲ್ಲ ಪಕ್ಕದ ರಾಜಕಾಲುವೆ (ಮಳೆನೀರು ಹೋಗೋ ದೊಡ್ಡ ಕಾಲುವೆ) ಉಕ್ಕಿ ಮನೆಯೊಳಗೆ ನೀರು. ವರ್ಷ ತಪ್ಪದೆ ಆಸ್ತಿ ತೆರಿಗೆ ಕಟ್ತೀರಿ, ಕಾಲುವೆಯಲ್ಲಿ ಮಾತ್ರ ಮೊಣಕಾಲುದ್ದ ಹೂಳು. ಅದನ್ನು ತೆಗೆಯೋದು ಯಾರು, ದುಡ್ಡು ಎಲ್ಲಿಂದ ಬರಬೇಕು, ಮನೆಯವರೆಲ್ಲ ಸೇರಿ ಚಂದಾ ಹಾಕಿ ಜೆಸಿಬಿ ತರಿಸಿದರೆ ಏನಾಗುತ್ತೆ?

ಕೊನೇ ಪ್ರಶ್ನೆಯಿಂದಲೇ ಶುರು ಮಾಡ್ತೀನಿ, ಯಾಕಂದ್ರೆ ಅದನ್ನು ಮಾಡಿ ಕೈ ಸುಟ್ಟುಕೊಂಡವರು ನಾವು. ನಗರದ ಪೂರ್ವಕ್ಕೆ, ಒಂದು ಕಾಲದ ಗದ್ದೆ ಬಯಲಲ್ಲಿ ಎದ್ದ ಲೇಔಟು ನಮ್ಮದು. ಸುಮಾರು 140 ಮನೆ. ಮನೆಗೆ 1,500 ರೂಪಾಯಿ ಅಂತ ಎತ್ತಿದೆವು (ಕೊಡದೆ ಜಾರಿಕೊಂಡವರ ಪಟ್ಟಿ ಇನ್ನೂ ನನ್ನ ಹತ್ರ ಇದೆ, ಅದು ಬೇರೆ ಕಥೆ). ಏಪ್ರಿಲ್ ಕೊನೇ ವಾರ ಮೂರು ದಿನ ಜೆಸಿಬಿ ಓಡಿತು. ತೆಗೆದ ಹೂಳನ್ನ ಎಲ್ಲಿ ಹಾಕೋದು ಅಂತ ಒಬ್ಬರೂ ಯೋಚಿಸಿರಲಿಲ್ಲ. ಟಿಪ್ಪರಿನವನು ಬಂದು, ‘ಲೋಡು ಎತ್ತೋಕೆ ನಾನು ರೆಡಿ ಸಾರ್, ಸುರಿಯೋ ಜಾಗ ನೀವು ತೋರ್ಸಿ’ ಅಂದ. ಜಾಗ ಎಲ್ಲಿದೆ? ಒಣಗಿದ ಮೇಲೆ ಸಾಗಿಸೋಣ ಅಂತ ದಡದಲ್ಲೇ ಗುಡ್ಡೆ ಹಾಕಿಸಿದೆವು. ಮೇ ತಿಂಗಳ ಎರಡನೇ ಮಳೆಗೇ ಅಷ್ಟೂ ಮಣ್ಣು ಕರಗಿ, ಬಂದ ದಾರಿ ಹಿಡಿದು ಕಾಲುವೆಗೆ ವಾಪಸ್ ಇಳೀತು. ಸಾಲದ್ದಕ್ಕೆ ಜೆಸಿಬಿ ಬಕೆಟ್ ತಗುಲಿ ಕಾಲುವೆಯೊಳಗಿದ್ದ ಒಳಚರಂಡಿ ಮ್ಯಾನ್‌ಹೋಲಿನ ಗೋಡೆ ಬಿರುಕು ಬಿಟ್ಟಿತ್ತು. ಎರಡು ತಿಂಗಳು ಆ ಬೀದಿಯವರು ಕಿಟಕಿ ತೆಗೀಲಿಲ್ಲ, ನನ್ನ ಮುಖಾನೂ ನೋಡಲಿಲ್ಲ.

ಇನ್ನೂ ಒಂದು ತೊಡಕಿದೆ. ಕಂದಾಯ ದಾಖಲೆಯಲ್ಲಿ ರಾಜಕಾಲುವೆ ಅಂದ್ರೆ ಬಿ ಖರಾಬು, ಸಾರ್ವಜನಿಕರ ಉಪಯೋಗಕ್ಕೆ ಬಿಟ್ಟ ಸರ್ಕಾರಿ ಜಾಗ. ಅನುಮತಿ ಇಲ್ಲದೆ ಅಲ್ಲಿಗೆ ಯಂತ್ರ ಇಳಿಸಿ, ತಡೆಗೋಡೆಯ ಬುಡ ಕೆದಕಿ, ನಾಳೆ ಗೋಡೆ ವಾಲಿದರೆ ಹೊಣೆ ನಿಮ್ಮ ತಲೆ ಮೇಲೆ. ಲೇಔಟಿನ ಗೇಟಿನೊಳಗಿರೋ ಚರಂಡಿ ಲೆಕ್ಕ ಬೇರೆ. ಲೇಔಟು ಮಾಡಿದವರು ರಸ್ತೆ, ಚರಂಡಿಗಳನ್ನ ಪಾಲಿಕೆಗೆ ಬಿಟ್ಟುಕೊಟ್ಟಿಲ್ಲ ಅಂದ್ರೆ ಅದರ ಹೂಳೂ ನಿಮ್ಮ ಸಂಘದ್ದು, ಖರ್ಚೂ ನಿಮ್ಮ ಸಂಘದ್ದು. ಅದಕ್ಕೆ ಧಾರಾಳವಾಗಿ ಚಂದಾ ಎತ್ತಿ.

ಈಗ ಕೆಲಸ ಯಾರದು ಅನ್ನೋದು. ದೊಡ್ಡ ಕಾಲುವೆಗಳು, ಅಂದ್ರೆ ಪ್ರೈಮರಿ, ಸೆಕೆಂಡರಿ ಅಂತ ಕರೆಯೋವು, ಪಾಲಿಕೆಯ ಬೃಹತ್ ನೀರುಗಾಲುವೆ ವಿಭಾಗಕ್ಕೆ ಸೇರಿದ್ದು. ರಸ್ತೆ ಪಕ್ಕದ ಮೋರಿ ವಾರ್ಡಿನ ಎಂಜಿನಿಯರ್‌ದು. ಕಾಲುವೆಯೊಳಗೆ ಹರಿಯೋ ಕೊಳಚೆಗೆ ಜಲಮಂಡಳಿ ಹೊಣೆ. ರೈಲು ಹಳಿ ಕೆಳಗಿನ ಕಿಂಡಿ ರೈಲ್ವೆಯವರದು, ರಾಷ್ಟ್ರೀಯ ಹೆದ್ದಾರಿ ಅಡಿಯದು ಹೆದ್ದಾರಿ ಪ್ರಾಧಿಕಾರದ್ದು. ಒತ್ತುವರಿ ಅಳೆಯೋಕೆ ಸರ್ವೆಯವರು ಬರಬೇಕು, ತೆರವಿಗೆ ತಹಶೀಲ್ದಾರರ ಆದೇಶ ಆಗಬೇಕು. 2025ರ ಸೆಪ್ಟೆಂಬರ್ 2ರಿಂದ ಬಿಬಿಎಂಪಿ ಹೋಗಿ, ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆ ಆಗಿವೆ. ಮೆಜೆಸ್ಟಿಕ್ ಸುತ್ತಮುತ್ತಲಿಂದ ಹೊರಡೋ ಕೋರಮಂಗಲ ಕಣಿವೆಯ ನೀರು ಬೆಳ್ಳಂದೂರು ಕೆರೆ ಮುಟ್ಟೋ ಹೊತ್ತಿಗೆ ಒಂದಕ್ಕಿಂತ ಹೆಚ್ಚು ಪಾಲಿಕೆ ದಾಟಿರುತ್ತೆ. ಹಾಗಾಗಿ ‘ಇದು ನಮಗೆ ಬರಲ್ಲ’ ಅಂತ ಯಾರಾದರೂ ಅಂದ್ರೆ ಸುಳ್ಳು ಅಂತ ತಿಳ್ಕೋಬೇಡಿ, ಎಷ್ಟೋ ಸಲ ಅದು ನಿಜವೇ ಆಗಿರುತ್ತೆ. ‘ಹಾಗಾದ್ರೆ ಯಾರಿಗೆ ಬರುತ್ತೆ, ಬರೆದು ಕೊಡಿ’ ಅಂತ ಅಲ್ಲೇ ಕೇಳಿ.

ದುಡ್ಡಿನ ವಿಷಯಕ್ಕೆ ಬರೋಣ. ಅಸಲಿ ರೋಗ ಇರೋದು ಇಲ್ಲಿ.

ಆಸ್ತಿ ತೆರಿಗೆ ಮೇಲೆ ಸೆಸ್ ಹಾಕ್ತಾರಲ್ಲ, ಅದರಲ್ಲಿ ಆರೋಗ್ಯಕ್ಕೆ ಶೇ. 15, ಗ್ರಂಥಾಲಯಕ್ಕೆ ಶೇ. 6, ಭಿಕ್ಷುಕರ ಪುನರ್ವಸತಿಗೆ ಶೇ. 3 ಅಂತ ಪಾಲಿದೆ. ಕಾಲುವೆಗೆ ಅಂತ ಪಾಲಿಲ್ಲ. ನೀವು ಕಟ್ಟಿದ ತೆರಿಗೆ ಪಾಲಿಕೆಯ ಒಟ್ಟು ಬೊಕ್ಕಸಕ್ಕೆ ಬೀಳುತ್ತೆ. ಅಲ್ಲಿ ಸಂಬಳ, ಕಸ, ರಸ್ತೆ, ಬೀದಿದೀಪ, ಗುತ್ತಿಗೆದಾರರ ಹಳೇ ಬಾಕಿ ಎಲ್ಲದರ ಜೊತೆ ಹೂಳೂ ಸಾಲಿನಲ್ಲಿ ನಿಂತಿರುತ್ತೆ. ಆದರೆ ಕಾಂಕ್ರೀಟಿಗೆ ಹೊರಗಿನಿಂದ ದುಡ್ಡು ಬರುತ್ತೆ. 2005ರಲ್ಲಿ ಶುರುವಾದ ಜೆನರ್ಮ್ ಅನ್ನೋ ನಗರ ನವೀಕರಣ ಯೋಜನೆಯಲ್ಲಿ ಕೇಂದ್ರದಿಂದ ಬಂತು, ಕಾಲುವೆಗಳಿಗೆ ತಡೆಗೋಡೆ ಎದ್ದವು. ರಾಜ್ಯ ಸರ್ಕಾರ ನಗರೋತ್ಥಾನದ ಹೆಸರಲ್ಲಿ ಕೊಟ್ಟಿತು. 15ನೇ ಹಣಕಾಸು ಆಯೋಗ ಏಳು ಮಹಾನಗರಗಳ ಪ್ರವಾಹ ತಡೆಗೆ 2,500 ಕೋಟಿ ತೆಗೆದಿಟ್ಟಾಗ ಬೆಂಗಳೂರಿನ ಪಾಲು 250 ಕೋಟಿ. ಈಗ ವಿಶ್ವ ಬ್ಯಾಂಕ್ ಸಾಲದ ಯೋಜನೆ ನಡೀತಿದೆ. ಇದೆಲ್ಲ ಕಟ್ಟೋಕೆ ಬರೋ ದುಡ್ಡು. ನೀರು ನುಗ್ಗಿದ ಮೇಲೆ ವಿಪತ್ತು ನಿಧಿಯಿಂದ ಪರಿಹಾರನೂ ಬರುತ್ತೆ. ಮಧ್ಯದಲ್ಲಿ, ಅಂದ್ರೆ ಕಟ್ಟಿ ಮುಗಿಸಿದ ದಿನದಿಂದ ಮನೆ ಮುಳುಗೋ ದಿನದವರೆಗೆ, ವರ್ಷವರ್ಷ ಅದನ್ನ ಕ್ಲೀನಾಗಿ ಇಡೋಕೆ ಬೇಕಾದ ದುಡ್ಡನ್ನ ಪಾಲಿಕೆ ತನ್ನ ಸ್ವಂತ ಜೇಬಿಂದಲೇ ತೆಗೀಬೇಕು. ಗೋಡೆ ಕಟ್ಟಿದರೆ ಶಂಕುಸ್ಥಾಪನೆಯ ಕಲ್ಲು ನೆಡಬಹುದು, ಹೂಳೆತ್ತಿದ ಜಾಗದಲ್ಲಿ ಕಲ್ಲು ನೆಟ್ಟವರನ್ನ ನಾನಂತೂ ನೋಡಿಲ್ಲ.

ಗೋಡೆ ಬೇಡ ಅಂತ ನಾನು ಹೇಳ್ತಿಲ್ಲ. ಆದರೆ ನಾಲ್ಕಡಿ ಆಳದ ಕಾಲುವೆಯಲ್ಲಿ ಒಂದೂವರೆ ಅಡಿ ಹೂಳು ಕೂತರೆ ನೀರು ಹೋಗೋ ಜಾಗದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಅಲ್ಲೇ ಹೋಯ್ತು. ಮಣ್ಣಿನ ಕಾಲುವೆ ಆದರೂ ಅಷ್ಟೇ, ಕೋಟಿಗಟ್ಟಲೆ ಸುರಿದ ಕಾಂಕ್ರೀಟ್ ಕಾಲುವೆ ಆದರೂ ಅಷ್ಟೇ. 2022ರ ಸೆಪ್ಟೆಂಬರ್ 4ರ ರಾತ್ರಿ ನೆನಪಿದೆಯಲ್ಲ? ಐಟಿ ಕಂಪನಿಯವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದ ವಾರ. 24 ಗಂಟೆಯಲ್ಲಿ ನಗರದಲ್ಲಿ ಬಿದ್ದದ್ದು 131.6 ಮಿಲಿಮೀಟರ್. ಒಂದು ಎಕರೆಗೆ ಲೆಕ್ಕ ಹಾಕಿದರೆ 5.3 ಲಕ್ಷ ಲೀಟರ್, 6,000 ಲೀಟರಿನ ಟ್ಯಾಂಕರಿನಲ್ಲಿ ಹೆಚ್ಚೂಕಡಿಮೆ 90 ಲೋಡು. ಮೊದಲು ಇದರಲ್ಲಿ ಒಂದಿಷ್ಟನ್ನ ಹೊಲ, ತೋಟ, ಗೋಮಾಳದ ಮಣ್ಣು ಕುಡೀತಿತ್ತು. ಈಗ ಎಲ್ಲ ಸಿಮೆಂಟು, ಹಾಗಾಗಿ ಒಂದೇ ಹೊತ್ತಿಗೆ ಅಷ್ಟೂ ಬಂದು ಕಾಲುವೆಯ ಬಾಗಿಲು ಬಡಿಯುತ್ತೆ.

ಹಳೇ ಕಾಲದವರು ಈ ‘ನಡುವಿನ ದುಡ್ಡಿಗೆ’ ಒಂದು ದಾರಿ ಮಾಡಿಟ್ಟಿದ್ದರು, ಅದನ್ನು ನೆನೆಸಿಕೊಂಡಾಗೆಲ್ಲ ನನಗೆ ಹೊಟ್ಟೆ ಉರಿಯುತ್ತೆ. ನಮ್ಮ ಶಾಸನಗಳಲ್ಲಿ ಕಟ್ಟುಕೊಡಗೆ, ಬಿತ್ತುವಟ್ಟ ಅನ್ನೋ ಮಾತು ಮತ್ತೆಮತ್ತೆ ಬರುತ್ತೆ. ಕೆರೆ ಕಟ್ಟಿದವನಿಗೆ, ಕಾಪಾಡೋವನಿಗೆ ಅಂತ ಬಿಟ್ಟ ಭೂಮಿ ಅದು. ಕೆರೆಬಂಡಿಗೆ ಅಂತಾನೇ ದತ್ತಿ ಬಿಟ್ಟದ್ದೂ ಇದೆ: ಹೂಳು ಸಾಗಿಸೋ ಗಾಡಿ, ಅದರ ಎತ್ತು, ಅದರ ಆಳು ಇವಕ್ಕೆ ಆ ಜಮೀನಿನ ಹುಟ್ಟುವಳಿ. ಸಾಗಿಸೋ ಗಾಡಿಗೆ ಮೊದಲು ದುಡ್ಡು ಇಟ್ಟರು ನೋಡಿ, ನಾವು ಟಿಪ್ಪರ್ ಮರೆತು ಜೆಸಿಬಿ ಕರೆಸಿದೆವು! ತೂಬು ಎತ್ತಿ ನೀರು ಬಿಡೋ ನೀರಗಂಟಿಗೂ ಸುಗ್ಗಿಯಲ್ಲಿ ಕಣದಿಂದ ಕಾಳು ಹೋಗ್ತಿತ್ತು. ರಾಜಕಾಲುವೆ ಆಗ ಒಂದು ಕೆರೆ ಕೋಡಿ ಬಿದ್ದ ನೀರನ್ನ ಮುಂದಿನ ಕೆರೆಗೆ ಮುಟ್ಟಿಸೋ ದಾರಿ. ಅದರಲ್ಲಿ ಮಣ್ಣು ಕೂತರೆ ಕೆಳಗಿನ ಊರಿನ ಕೆರೆ ತುಂಬಲ್ಲ, ಗದ್ದೆ ಒಣಗುತ್ತೆ, ಆದ್ದರಿಂದ ಕೆಳಗಿನವರೇ ಬಂದು ಜಗಳ ತೆಗೀತಿದ್ದರು. ಇವತ್ತು ಕಾಲುವೆಯ ನೀರು ಯಾರಿಗೂ ಬೇಡ. ಮೇಲಿನವರಿಗೆ ಅದು ಹೋದರೆ ಸಾಕು, ಕೆಳಗಿನವರಿಗೆ ಬರದೇ ಇದ್ದರೆ ಸಾಕು.

ನಿಮ್ಮ ಕಾಲುವೆ ನಿಜವಾಗಿ ಎಲ್ಲಿ ಕಟ್ಟಿಕೊಂಡಿದೆ ಅಂತ ಮೊದಲು ಕಂಡುಹಿಡೀರಿ. ಬಹಳ ಸಲ ಅದು ನಿಮ್ಮ ಮನೆ ಮುಂದೆ ಇರಲ್ಲ. 2021ರಲ್ಲಿ ವಿಧಾನಮಂಡಲದ ಮುಂದೆ ಬಂದ ಸಿಎಜಿ ವರದಿ ಪ್ರಕಾರ, 1900ರ ದಶಕದ ಆರಂಭದಲ್ಲಿ ಕೋರಮಂಗಲ ಕಣಿವೆಯಲ್ಲಿ 113.24 ಕಿಲೋಮೀಟರ್ ಇದ್ದ ಕಾಲುವೆಗಳು 2016–17ರ ಹೊತ್ತಿಗೆ 62.84ಕ್ಕೆ ಇಳಿದಿದ್ದವು. ವೃಷಭಾವತಿ ಕಣಿವೆಯಲ್ಲಿ 226.29 ಇದ್ದದ್ದು 111.72 ಆಗಿತ್ತು. ಅಂದ್ರೆ ಹೆಚ್ಚೂಕಡಿಮೆ ಅರ್ಧ ಮಾಯ. ನಿಮ್ಮ ಕೆಳಗಿನ ಕಾಲುವೆ ಹಾಗೆ ಮಾಯವಾದ ಅರ್ಧದಲ್ಲಿ ಸೇರಿದ್ದರೆ ಎಷ್ಟು ಹೂಳೆತ್ತಿದರೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಫೋನಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಳ್ಳಿ. ಸರ್ವೆ ಇಲಾಖೆಯ ಗ್ರಾಮ ನಕ್ಷೆ ಅದರಲ್ಲಿ ಸಿಗುತ್ತೆ, ನೀವು ನಿಂತ ಜಾಗದ ಸರ್ವೆ ನಂಬರ್ ಗೊತ್ತಾಗುತ್ತೆ. ಅದನ್ನ ಹಿಡಿದು ಒಂದು ಭಾನುವಾರ ಬೆಳಿಗ್ಗೆ ಕಾಲುವೆಗುಂಟ ಕೆಳಮುಖವಾಗಿ ನಡೀರಿ, ಮುಂದಿನ ಕೆರೆ ಸಿಗೋವರೆಗೂ.

ನಾವು ಹಾಗೆ ನಡೆದದ್ದು ಚಂದಾ ದುಡ್ಡು ನೀರಲ್ಲಿ ಹೋದ ಮೇಲೆ. ಬುದ್ಧಿ ಬಂದಿದ್ದು ತಡವಾಗಿ. ಲೇಔಟಿಂದ ಮುಕ್ಕಾಲು ಕಿಲೋಮೀಟರ್ ಕೆಳಗೆ ಒಂದು ರಸ್ತೆ ಅಡಿಯ ಮೋರಿ ಇದೆ. ಅದರ ಬಾಯಿಗೆ ಅಡ್ಡಲಾಗಿ ಎರಡು ನೀರಿನ ಪೈಪು, ಒಂದು ಹೊರೆ ಕೇಬಲ್ಲು. ಅವಕ್ಕೆ ಸಿಕ್ಕಿಕೊಂಡು ಒಂದು ಹಾಸಿಗೆ, ತೆಂಗಿನ ಗರಿ, ಲೆಕ್ಕವಿಲ್ಲದಷ್ಟು ಪ್ಲಾಸ್ಟಿಕ್ಕು. ನಮ್ಮ ಮನೆಗೆ ನೀರು ನುಗ್ತಿದ್ದದ್ದು ಆ ಹಾಸಿಗೆಯಿಂದ! ಫೋಟೋ ತೆಗೆದು, ಜಾಗದ ಗುರುತು ಹಾಕಿ, 1533 ಸಹಾಯವಾಣಿಗೆ ದೂರು ಕೊಟ್ಟು ನಂಬರ್ ಬರೆದಿಟ್ಟುಕೊಂಡೆವು. ‘ಕಾಲುವೆ ಸರಿಯಿಲ್ಲ’ ಅಂತ ವರ್ಷಗಟ್ಟಲೆ ಕೊಟ್ಟ ದೂರಿಗೆ ಆಗದ ಕೆಲಸ ‘ಈ ಮೋರಿ ಬಾಯಿ ಕಟ್ಟಿದೆ’ ಅಂದಾಗ ಹತ್ತು ದಿನದಲ್ಲಿ ಆಯ್ತು. ಒಂದು ಪೈಪನ್ನ ಆಮೇಲೆ ಮೇಲಕ್ಕೆತ್ತಿ ಹಾಕಿದರು. ಕೇಬಲ್ಲು ಇನ್ನೂ ಅಲ್ಲೇ ಜೋತಾಡ್ತಿದೆ.

ಜೊತೆಗೆ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ. ಹತ್ತು ರೂಪಾಯಿ ಶುಲ್ಕ. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ ಒಂದೇ ವಿಷಯಕ್ಕೆ, 150 ಪದದೊಳಗೆ ಇರಬೇಕು, ಹಾಗಾಗಿ ಗೋಳು ತೋಡಿಕೊಳ್ಳೋಕೆ ಜಾಗ ಇಲ್ಲ. ಕೇಳಬೇಕಾದ್ದು: ಇಂಥ ಜಾಗದಿಂದ ಇಂಥ ಜಾಗದವರೆಗಿನ ಕಾಲುವೆಗೆ ಕಳೆದ ಮೂರು ವರ್ಷದ ಹೂಳೆತ್ತುವ ಅಂದಾಜುಪಟ್ಟಿ, ಅಳತೆ ಪುಸ್ತಕದ ಪ್ರತಿ, ಕೆಲಸಕ್ಕೆ ಮುಂಚಿನ ಮತ್ತು ಆಮೇಲಿನ ಫೋಟೋ, ಹೂಳು ಸುರಿದ ಜಾಗ ಮತ್ತು ಲಾರಿ ಲೋಡಿನ ಲೆಕ್ಕ. ಕೊನೆಯದನ್ನ ಮಾತ್ರ ಬಿಡಬೇಡಿ. ನಮಗೆ ಬಂದ ಉತ್ತರದಲ್ಲಿ ಉದ್ದ ಇತ್ತು, ಮೊತ್ತ ಇತ್ತು, ಹೂಳು ಎಲ್ಲಿಗೆ ಹೋಯ್ತು ಅನ್ನೋ ಜಾಗ ಖಾಲಿ ಇತ್ತು. ಆ ಖಾಲಿ ಜಾಗವನ್ನೇ ಹಿಡಿದು ಎರಡನೇ ಅರ್ಜಿ ಹಾಕಿದೆವು. ಮುಂದಿನ ಫೆಬ್ರವರಿಯಲ್ಲಿ ಕೇಳದೇನೇ ಎಂಜಿನಿಯರ್ ಒಬ್ಬರು ಬಂದು, ಯಾವ ದಿನ ಕೆಲಸ, ಎಷ್ಟು ಟಿಪ್ಪರ್ ಅಂತ ನಮ್ಮ ಸಂಘಕ್ಕೆ ಹೇಳಿ ಹೋದರು. ಹಿಂದೆ ಇದನ್ನೆಲ್ಲ ಕಾರ್ಪೊರೇಟರ್ ಮನೆ ಬಾಗಿಲಲ್ಲಿ ಕೇಳಬಹುದಿತ್ತು. 2020ರ ಸೆಪ್ಟೆಂಬರಿನಲ್ಲಿ ಅವರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ, ಬಾಗಿಲೇ ಇಲ್ಲದ ಹಾಗಾಯ್ತು.

ಚಂದಾ ದುಡ್ಡು ಈಗಾಗಲೇ ಸೇರಿಸಿದ್ದೀರಿ ಅಂದ್ರೆ ಅದನ್ನ ನಿಮ್ಮ ಗೇಟೊಳಗೆ ಖರ್ಚು ಮಾಡಿ. 30×40 ಅಡಿಯ ಒಂದು ಸೈಟಿನ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ 11,000 ಲೀಟರ್. ಎಲ್ಲ ಮನೆಯವರೂ ಮಾಳಿಗೆ, ಅಂಗಳದ ನೀರನ್ನ ಸಂಪಿಗೋ ಇಂಗುಬಾವಿಗೋ ತಿರುಗಿಸಿದರೆ ನಮ್ಮಂಥ ಲೇಔಟಿಂದ ಸುಮಾರು 15 ಲಕ್ಷ ಲೀಟರ್ ಕಾಲುವೆಗೆ ಹೋಗೋದು ತಪ್ಪುತ್ತೆ. ಅದರಿಂದ ನಿಮ್ಮ ಮನೆ ಉಳಿಯುತ್ತೋ ಇಲ್ಲವೋ, ಕೆಳಗಿನ ಬೀದಿಯವರಿಗಂತೂ ಅಷ್ಟು ಕಮ್ಮಿ. ತಗ್ಗಿನ ಮನೆಗಳ ಒಳಚರಂಡಿ ಪೈಪಿಗೆ ನಾನ್ ರಿಟರ್ನ್ ವಾಲ್ವ್ ಹಾಕಿಸಿ, ಯಾಕಂದ್ರೆ ಬಾಗಿಲಿಂದ ಬರೋ ನೀರಿಗಿಂತ ಮೊದಲು ಕೊಳಚೆ ಉಕ್ಕಿ ಬರೋದು ಟಾಯ್ಲೆಟ್‌ನಿಂದ. ಸಂಪಿನ ಬಾಯಿಯನ್ನ ಒಂದಡಿ ಎತ್ತರಿಸಿ.

ನಾವು ಆ ಮೋರಿ ಗೋಡೆ ಮೇಲೆ ಕೆಂಪು ಪೇಂಟಿನಲ್ಲಿ ಅಡಿ ಗುರುತು ಬರೆದಿದ್ದೀವಿ. ಮೋರಿ ಪಕ್ಕದ ಟೀ ಅಂಗಡಿಯವರು ಮಳೆ ಬಂದಾಗೆಲ್ಲ ಅದನ್ನ ನೋಡಿ ಗ್ರೂಪಿಗೆ ಒಂದು ಫೋಟೋ ಹಾಕ್ತಾರೆ. ಎರಡೂವರೆ ಅಡಿ ದಾಟಿತು ಅಂದ್ರೆ ಕೆಳಗಿನ ಎರಡು ಬೀದಿಯವರು ಕಾರು, ಬೈಕುಗಳನ್ನ ದಿಣ್ಣೆ ಮೇಲಿನ ದೇವಸ್ಥಾನದ ಹತ್ರ ನಿಲ್ಲಿಸಿ ಬರ್ತಾರೆ. ಹೋದ ಮಳೆಗಾಲದಲ್ಲಿ ಎರಡು ಸಲ ನಿಲ್ಲಿಸಿದ್ದರು. ಒಂದು ಸಲ ನೀರು ಬಂತು, ಇನ್ನೊಂದು ಸಲ ಬರಲಿಲ್ಲ.